ನಿಮ್ಮ ಲೆಕ್ಕದಲ್ಲಿ ಕೊನೆಗೌಡ ಎಲ್ಲಿದ್ದಾನೆ?

ಹೆಗ್ಗೋಡಿನಿಂದ ಬಂದು ಎರಡು ದಿನವಾಯಿತು. ಅಲ್ಲಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ಕೇಳಿದ ಆ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಸಣ್ಣ ಹಿಡುವಳಿ ಬಗ್ಗೆ ಮಾತಾಡಿದರು. ದೊಡ್ಡ ಹೆಸರು, ಒಳ್ಳೆಯ ಮಾತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಅಡಿಕೆ ಬೆಳೆಗಾರರೊಬ್ಬರು ಎದ್ದರು. "ಸಾರ್, ನಿಮ್ಮ ಲೆಕ್ಕದಲ್ಲಿ ಕೊನೆಗೌಡ ಎಲ್ಲಿದ್ದಾನೆ?" ಕೊನೆ ಅಂದರೆ ಅಡಿಕೆ ಗೊಂಚಲು; ಮರ ಹತ್ತಿ ಅದನ್ನು ಕೊಯ್ಯುವ, ಔಷಧಿ ಹೊಡೆಯುವ ಕೂಲಿಯವನೇ ಕೊನೆಗೌಡ.

ನನ್ನ ಪಕ್ಕದಲ್ಲಿದ್ದವರು "ಶುರುವಾಯ್ತು" ಎಂದು ಗೊಣಗಿದರು. ನನಗೆ ಸಿಟ್ಟು ಬಂತು. ಅಷ್ಟು ದೂರದಿಂದ ಬಂದು ಕೇಳಿಸಿಕೊಳ್ಳುವ ತಾಳ್ಮೆ ಇಲ್ಲ ಅಂದ್ರೆ ಹೇಗೆ?

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ. ಇರಬೇಕಿತ್ತು. ನೀವು ಹೇಳಿ, ಬರ್ಕೊಳ್ತೀನಿ" ಎಂದು ಜೇಬಿನಿಂದ ಪೆನ್ನು ತೆಗೆದರು.

ಬೆಳೆಗಾರರು ಹೇಳಿದರು. ಮಳೆ ಬಿಡುವು ಕೊಟ್ಟಾಗಲೇ ಮರ ಹತ್ತಿ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯಬೇಕು. ಪಾಚಿ ಹಿಡಿದ ಮರ, ಕಾಲು ಜಾರುತ್ತದೆ. ಕೊನೆಗೌಡ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಗೇ ದಾಟುತ್ತಾನೆ. ಅವನು ಬರುವುದು ತಡವಾದರೆ ಕೊಳೆರೋಗಕ್ಕೆ ಕೊನೆಯೆಲ್ಲ ಉದುರುತ್ತದೆ. ಅವನ ಮಕ್ಕಳಿಗೆ ಈ ಕೆಲಸ ಬೇಡ. "ಬೇಡ ಅನ್ನೋದೂ ಸರಿಯೇ" ಅಂದರು. ಮೇಷ್ಟ್ರು ತಲೆ ಎತ್ತದೆ ಬರೆಯುತ್ತಲೇ ಇದ್ದರು.

ದೊಡ್ಡವರು ಸೇರುವ ಜಾಗಗಳು ಈಗ ಬೇಕಾದಷ್ಟಿವೆ. ದಾವೋಸ್‌ನಲ್ಲಿ 1971ರಿಂದ ಸೇರುತ್ತಿದ್ದಾರೆ. ನಮ್ಮ ಬೆಂಗಳೂರಿನ ಸುತ್ತಲಿನ ರೆಸಾರ್ಟ್‌ಗಳಲ್ಲೂ ನಡೆಯುತ್ತವೆ. ವಿಜ್ಞಾನಿ, ಉದ್ಯಮಿ, ಕಲಾವಿದ ಒಟ್ಟಿಗೆ ಕೂರುತ್ತಾರೆ, ಒಳ್ಳೆಯದೇ. ಆದರೆ ಆಹ್ವಾನ ಇದ್ದವರಷ್ಟೇ ಒಳಗೆ. ಅಲ್ಲಿ ಬೇಸಾಯದ ಮಾತು ಬಂದರೂ ಈ ಪ್ರಶ್ನೆ ಕೇಳುವವರು ಯಾರಿರುತ್ತಾರೆ? ಸಾಧಕರು ಸಾಧಕರಿಗೆ ತಲೆದೂಗುತ್ತಾರೆ, ಅಷ್ಟೇ ಅಲ್ವಾ.

ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಮ್ಯಾಗ್ಸೆಸೆ ಪ್ರಶಸ್ತಿ ಬಂದ (1991) ಮೇಲೂ ಹೆಗ್ಗೋಡಿನಲ್ಲೇ ಇದ್ದರು. ಅವರೂ ಅಡಿಕೆ ಬೆಳೆದವರೇ. 1949ರಲ್ಲಿ ಊರಿನ ನಾಟಕ ಸಂಘವಾಗಿ ಹುಟ್ಟಿದ ಜಾಗಕ್ಕೆ ಅನಂತಮೂರ್ತಿಯಂಥವರು ಬಂದು ಕೂರುತ್ತಿದ್ದರು. ವಿದ್ವಾಂಸರೇ ಹಳ್ಳಿಗೆ ಬರಲಿ ಎಂಬ ಆ ಹಟ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಆದರೂ ಒಂದು ಮಾತು. ಕೊನೆಗೌಡನ ಕಷ್ಟವನ್ನು ಹೇಳಿದ್ದು ತೋಟದ ಯಜಮಾನರು. ಅವನು ಸಭೆಯಲ್ಲಿರಲಿಲ್ಲ. ಮುಂದಿನ ಸಲ ಅವನನ್ನೇ ವೇದಿಕೆಗೆ ಕರೆಯಿರಿ ಎಂದು ಸಂಘಟಕರಿಗೆ ಪತ್ರ ಬರೆಯುತ್ತಿದ್ದೇನೆ. ಶಿಬಿರ ನಡೆಯುವ ಅಕ್ಟೋಬರ್ ಅಂದರೆ ಕೊನೆ ಕೊಯ್ಲು ಹತ್ತಿರ ಬರುವ ಕಾಲ. ಆ ದಿನದ ಕೂಲಿ ಕೊಟ್ಟೇ ಕರೆಯಬೇಕು, ಇದನ್ನೂ ಸೇರಿಸಿದ್ದೇನೆ.