ಈಜು ಬರುತ್ತಲ್ಲ, ಮತ್ತೆ ಈ ಸರ್ಕಸ್ ಯಾಕೆ?

ಮೈಸೂರಿನ ಹತ್ತಿರದ ವರುಣಾ ಕೆರೆಯಲ್ಲಿ ನಾವು ಕೆಲವರು ಕಯಾಕನ್ನು (ಹುಟ್ಟು ಹಾಕಿ ನಡೆಸುವ ಸಣ್ಣ, ಕಿರಿದಾದ ದೋಣಿ) ಬೇಕಂತಲೇ ಮಗುಚಿ, ನೀರಿಗೆ ಬಿದ್ದು, ಮತ್ತೆ ಹತ್ತುತ್ತಿರುತ್ತೇವೆ. ನೋಡಿದವರೆಲ್ಲ ಕೇಳುವುದು ಒಂದೇ: "ಈಜು ಬರುತ್ತೆ, ಲೈಫ್ ಜಾಕೆಟ್ಟೂ ಇದೆ. ಮತ್ತೆ ಈ ಸರ್ಕಸ್ ಯಾಕೆ ಸಾರ್?"

ಕೆರೆಯಲ್ಲಿ ಈಜಿ ದಡ ಸೇರಬಹುದು, ಒಪ್ಪಿದೆ. ಆದರೆ ನಾವು ತಯಾರಾಗುವುದು ಮಲ್ಪೆ ಕಡೆಯ ಸಮುದ್ರಕ್ಕೆ. ಅಲ್ಲಿ ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲ ಕಡೆಗೆ ಬೀಸುವುದು ಮಾಮೂಲು. ದಡದ ಹತ್ತಿರ ನೀರು ಸಪಾಟಾಗಿರುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಆಚೆ ಹೋದಷ್ಟೂ ಅಲೆ ಜಾಸ್ತಿ. ಮಗುಚಿದಾಗ ಕಯಾಕ್ ಕೈಬಿಟ್ಟರೆ ಮುಗೀತು, ಖಾಲಿ ಕಯಾಕ್ ಗಾಳಿಗೆ ಸಿಕ್ಕಿ ನಿಮಗಿಂತ ಜೋರಾಗಿ ಓಡುತ್ತದೆ. ಲೈಫ್ ಜಾಕೆಟ್ ತೇಲಿಸುತ್ತದೆ ಅಷ್ಟೇ, ದಡಕ್ಕೆ ತರುವುದಿಲ್ಲ.

ಹಾಗಾಗಿ ಕಲಿಯಬೇಕಾದದ್ದು ವಾಪಸ್ ಹತ್ತುವುದನ್ನು. ಜೊತೆಗಾರ ನಿಮ್ಮ ಕಯಾಕಿನ ಮೂತಿ ಹಿಡಿದು ತನ್ನದರ ಮೇಲೆ ಅಡ್ಡಲಾಗಿ ಎಳೆದುಕೊಳ್ಳುತ್ತಾನೆ. ಬೋರಲಾದ ಕಯಾಕಿನಿಂದ ನೀರು ಬಳಬಳ ಸುರಿಯುತ್ತದೆ. ಅದನ್ನು ನೆಟ್ಟಗೆ ತಿರುಗಿಸಿ, ಪಕ್ಕಕ್ಕೆ ಸೇರಿಸಿಕೊಂಡು, ಅದರ ಮೇಲೆ ಒರಗಿ ಗಟ್ಟಿಯಾಗಿ ತಬ್ಬಿ ಹಿಡಿಯುತ್ತಾನೆ. ನೀವು ಕಾಲು ಬಡಿಯುತ್ತಾ ಕಯಾಕಿನ ಹಿಂಭಾಗದ ಮೇಲೆ ಬೋರಲು ಏರಬೇಕು. ಮೊದಲು ಕಾಲು ಒಳಗೆ, ಆಮೇಲೆ ಹೊರಳಿ ಕೂರುವುದು. ಒಬ್ಬರೇ ಇದ್ದರೆ ಪ್ಯಾಡಲಿನ (ಹುಟ್ಟಿನ) ತುದಿಗೆ ಗಾಳಿ ಊದಿದ ಚೀಲ ಸಿಕ್ಕಿಸಿ ಅದರ ಆಸರೆಯಲ್ಲಿ ಹತ್ತಬೇಕು. ಓದುವುದಕ್ಕೆ ಸಲೀಸು. ಮೂಗಿಗೆ ಉಪ್ಪುನೀರು ಹೊಕ್ಕಾಗ ಯಾವ ಕಾಲು ಎಲ್ಲಿಡಬೇಕು ಅನ್ನುವುದೇ ಮರೆಯುತ್ತದೆ.

ದುಬಾರಿ ಪ್ಯಾಡಲ್ ಕೊಂಡವರ ಹತ್ತಿರವೂ ಆ ಚೀಲ ಪ್ಲಾಸ್ಟಿಕ್ ಕವರಿನಿಂದ ಆಚೆ ಬಂದಿರುವುದಿಲ್ಲ. ಕೇಳಿದರೆ, "ಕೋರ್ಸಲ್ಲಿ ಒಂದ್ಸಲ ಮಾಡಿದೀನಿ" ಅಂತಾರೆ. ಇನ್ನೊಬ್ಬರು, "ಗುಂಪಲ್ಲಿ ಹೋಗ್ತೀವಲ್ಲ" ಅಂತಾರೆ. ಗುಂಪಲ್ಲಿ ಪ್ರತಿಯೊಬ್ಬರೂ ಪಕ್ಕದವನಿಗೆ ಬರುತ್ತೆ ಅಂದುಕೊಂಡಿದ್ದರೆ? ರೋಲ್ ಮಾಡಿ, ಅಂದರೆ ಮಗುಚಿದ ಕಯಾಕಿನಿಂದ ಆಚೆ ಬರದೆ ಅದರ ಸಮೇತ ಹೊರಳಿ ಎದ್ದೇಳುವವರ ಕಥೆಯೂ ಅಷ್ಟೇ. ಅಲುಗಾಡದ ನೀರಲ್ಲಿ, ಬಲಗಡೆಯಿಂದ ಮಾತ್ರ ಅವರ ರೋಲ್.

ನನ್ನ ಪ್ರಕಾರ ಇದು ಸೋಮಾರಿತನ ಅಲ್ಲ, ನಾಚಿಕೆ. ಹೊಸಬರು ಸುಮ್ನೆ ಬೀಳ್ತಾರೆ, ನಗ್ತಾರೆ, ಕಲೀತಾರೆ. ವರ್ಷಗಟ್ಟಲೆ ಕಯಾಕ್ ಓಡಿಸಿದವರಿಗೆ ನಾಲ್ಕು ಜನರ ಮುಂದೆ ಒದ್ದಾಡೋದು ಅವಮಾನ. ಅವರಿಗೆ ನಾನು ಹೇಳುವುದು, ಯಾರೂ ಇಲ್ಲದ ಹೊತ್ತು ನೋಡಿ ಬನ್ನಿ, ಒಬ್ಬರೇ ಮಾತ್ರ ಬೇಡ.

ಜೂನ್-ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ, ನಾವು ಕಡಲಿಗಿಳಿಯುವ ಮಾತೇ ಇಲ್ಲ. ಅದೇ ಹೊತ್ತಿಗೆ ಮೈಸೂರಲ್ಲಿ ಗಾಳಿ ಜೋರು, ಕೆರೆಯಲ್ಲೂ ಸಣ್ಣ ಅಲೆ ಏಳುತ್ತದೆ. ಪ್ರಾಕ್ಟೀಸ್‌ಗೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಬರುವವರು ಒಂದು ಜೊತೆ ಒಣಬಟ್ಟೆ ತನ್ನಿ.