ಬೀಗರಿಗೆ ಊರು ತೋರಿಸಿದ್ದು

ನಮ್ಮ ಮಗಳನ್ನು ಮೈಸೂರಿಗೆ ಕೊಟ್ಟಿದ್ದೇವೆ. ಮದುವೆಯಾಗಿ ಎರಡು ವರ್ಷವಾದರೂ ಬೀಗರು ನಮ್ಮ ಮನೆಯಲ್ಲಿ ಬಂದು ಉಳಿದಿರಲಿಲ್ಲ. ಹೋದ ತಿಂಗಳು ಫೋನ್ ಮಾಡಿ, "ಎರಡು ದಿನ ಇರುವ ಹಾಗೆ ಬರುತ್ತೇವೆ. ನಿಮ್ಮ ಊರಿನಲ್ಲಿ ನೋಡುವಂಥದ್ದು ಏನೇನಿದೆ ಬೀಗರೇ?" ಎಂದು ಕೇಳಿದರು. ನನಗೆ ಬೆವರು ಬಂದಿತು. ಅರಮನೆಯ ದೀಪ ನೋಡುತ್ತ ಬೆಳೆದವರಿಗೆ ಹುಬ್ಬಳ್ಳಿಯಲ್ಲಿ ಏನು ತೋರಿಸುವುದು? ಹಿಂದೆ ಯಾರಾದರೂ ಹೀಗೆ ಕೇಳಿದರೆ, "ಇಲ್ಲಿ ಇಳಿಯಿರಿ, ಊಟ ಮಾಡಿ, ಬಾದಾಮಿಗೋ ಹಂಪಿಗೋ ಹೋಗಿ" ಎಂದುಬಿಡುತ್ತಿದ್ದೆ. ಜಂಕ್ಷನ್ನಿನಲ್ಲಿ ಬೆಳೆದವನ ಬುದ್ಧಿ ಅದು. ಎಲ್ಲರೂ ಇಲ್ಲಿಂದ ಬೇರೆಲ್ಲಿಗೋ ಹೋಗುವವರೇ ಎಂಬ ನಂಬಿಕೆ.

ಬೀಗರು ನಿವೃತ್ತ ಕನ್ನಡ ಮೇಷ್ಟ್ರು. ನಾನು ಇಲ್ಲಿನ ರೈಲ್ವೆ ಕಾರ್ಯಾಗಾರದಲ್ಲಿ 34 ವರ್ಷ ಲೇತಿನ ಮುಂದೆ ನಿಂತು, ಸವೆದ ಗಾಲಿಗಳನ್ನು ಕಡೆದು ಸರಿಮಾಡಿದವನು. ಅವರು ರೈಲಿನಿಂದ ಇಳಿಯುವಾಗಲೇ ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಮೊಬೈಲಿನಲ್ಲಿ ನೋಡಿ ಮುತ್ತಿನಂಥ ಅಕ್ಷರದಲ್ಲಿ ಹನ್ನೊಂದು ಜಾಗ ಬರೆದುಕೊಂಡಿದ್ದರು. ಮೊದಲನೆಯದು ನಾವು ನಿಂತಿದ್ದ ಪ್ಲಾಟ್‌ಫಾರ್ಮೇ.

ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್, 1,507 ಮೀಟರ್. 2023ರ ಮಾರ್ಚ್‌ನಲ್ಲಿ ಪ್ರಧಾನಿ ಬಂದು ಉದ್ಘಾಟಿಸಿದರು. ಅಲ್ಲಿಯವರೆಗೆ ಆ ಹೆಸರು ಗೋರಖ್‌ಪುರದ್ದಾಗಿತ್ತು. ಮೇಷ್ಟ್ರು, "ಹಾಗಾದರೆ ತುದಿಯವರೆಗೆ ನಡೆದು ನೋಡೋಣ" ಎಂದರು. ಅವರ ಕೈಯಲ್ಲಿ ಚೀಲ, ನನ್ನ ಕೈಯಲ್ಲಿ ಸೂಟ್‌ಕೇಸ್. ಚಹಾದ ಅಂಗಡಿಗಳು ಮುಗಿದವು, ಬೆಂಚುಗಳು ಮುಗಿದವು, ನೆರಳೂ ಮುಗಿಯಿತು. ತುದಿಯಲ್ಲಿ ಒಂದು ನಾಯಿ ಮಲಗಿತ್ತು. ಅದು ನಮ್ಮನ್ನು ನೋಡಿ ಎದ್ದು ಕೂತಿತು. ಅಲ್ಲಿಯವರೆಗೆ ಯಾರೂ ಬರುವುದಿಲ್ಲ ಎಂದುಕೊಂಡಿತ್ತೋ ಏನೋ. ಮೇಷ್ಟ್ರು ಪಟ್ಟಿ ತೆಗೆದು ಮೊದಲನೆಯದಕ್ಕೆ ಗೀಟು ಹಾಕಿದರು. ವಾಪಸು ಬರುವಷ್ಟರಲ್ಲಿ ಬೀಗತಿ ಮತ್ತು ನನ್ನಾಕೆ ಎರಡೆರಡು ಕಪ್ ಚಹಾ ಕುಡಿದು ಮಕ್ಕಳ ಬಾಲ್ಯವನ್ನೆಲ್ಲ ಮಾತನಾಡಿ ಮುಗಿಸಿದ್ದರು.

ಅಂದು ಸಂಜೆ ಪಟ್ಟಿಯನ್ನು ನಾನು ಇಸಿದುಕೊಂಡೆ. ನೃಪತುಂಗ ಬೆಟ್ಟ, ಗಾಜಿನ ಮನೆ ಎರಡನ್ನೂ ತೆಗೆದೆ. ಚೆನ್ನಾಗಿಯೇ ಇವೆ, ಮೊಮ್ಮಕ್ಕಳು ಬಂದಾಗ ಹೋಗಬಹುದು. ಉಣಕಲ್ ಕೆರೆಯನ್ನು ಬಿಟ್ಟು, ಅದರ ಆಚೆಯ ಹಳೆಯ ಊರಿನೊಳಗಿನ ಗುಡಿಯನ್ನು ಸೇರಿಸಿದೆ. ಆ ಗುಡಿ ಮೇಷ್ಟ್ರ ಪಟ್ಟಿಯಲ್ಲಿ ಇರಲೇ ಇಲ್ಲ.

ಮರುದಿನ ಬೆಳಿಗ್ಗೆ ಏಳೂವರೆಗೆ ಉಣಕಲ್ಲಿನಲ್ಲಿದ್ದೆವು. ಚಂದ್ರಮೌಳೇಶ್ವರ ಗುಡಿಗೆ ಹೋಗುವ ದಾರಿ ಹೇಳುವುದು ಕಷ್ಟ. ಯಾರದೋ ಹಿತ್ತಿಲಿಗೆ ಹೋಗುತ್ತಿದ್ದೇವೆ ಎನ್ನಿಸುವಂಥ ಓಣಿ. ಎಮ್ಮೆ ಕಟ್ಟಿರುತ್ತಾರೆ, ಬಟ್ಟೆ ಒಣಹಾಕಿರುತ್ತಾರೆ. ತಿರುವಿನಲ್ಲಿ ಒಮ್ಮೆಲೇ ಕಲ್ಯಾಣದ ಚಾಲುಕ್ಯರು ಎದುರಾಗುತ್ತಾರೆ. ಸುಮಾರು ಒಂಬೈನೂರು ವರ್ಷದ ಗುಡಿ, ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ಮುಖದ ಲಿಂಗ. ಬೆಳಗಿನ ಬಿಸಿಲು ಮೂಡಣದ ಬಾಗಿಲಿನಿಂದ ಒಳಗೆ ಬರುವ ಹೊತ್ತಿಗೇ ಹೋಗಬೇಕು. ಹತ್ತು ಗಂಟೆಗೆ ಹೋದರೆ ಅದೇ ಗುಡಿ ಬರಿಯ ಕಲ್ಲಾಗಿ ಕಾಣುತ್ತದೆ.

ಮೇಷ್ಟ್ರು ಶಿಲ್ಪ ನೋಡುತ್ತಿದ್ದರು. ನಾನು ಕಂಬದ ಬಳಿ ನಿಂತು ಬೆರಳಾಡಿಸಿದೆ. ತಿರುಗಣೆ ಕಂಬದ ಗೀರುಗಳನ್ನು ನೋಡಿದಾಗಲೆಲ್ಲ ನನಗೆ ಕಾರ್ಯಾಗಾರದ ಸದ್ದು ಕೇಳಿಸುತ್ತದೆ. ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಒಂದೇ ಅಳತೆಯಲ್ಲಿ ಹಿಡಿದು ಕಡೆದಿದ್ದಾರೆ. ಉಕ್ಕಾದರೆ ತಪ್ಪಿದರೂ ಇನ್ನೊಂದು ಕೂದಲಿನಷ್ಟು ತೆಗೆದು ಸರಿಮಾಡಬಹುದು. ಕಲ್ಲಿನ ಚಕ್ಕೆ ಹಾರಿದರೆ ಕಂಬವೇ ಹೋಯಿತು. ಇದನ್ನು ಹೇಳಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ತಾವೂ ಗೀರಿನ ಮೇಲೆ ಬೆರಳಿಟ್ಟರು. "ಸೋಮನಾಥಪುರಕ್ಕೆ ಮಕ್ಕಳನ್ನು ಎಷ್ಟೋ ಸಲ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೇನೆ. ಕಂಬವನ್ನು ಮುಟ್ಟಿ ನೋಡಿರಲಿಲ್ಲ" ಎಂದರು. ಅಲ್ಲಿಂದ ಮುಂದೆ ನನಗೆ ಧೈರ್ಯ ಬಂದಿತು.

ಉಣಕಲ್ಲಿನಿಂದ ಬೆಂಗೇರಿಗೆ. ನೀವು ಹುಬ್ಬಳ್ಳಿಗೆ ಬಂದು ಒಂದೇ ಜಾಗ ನೋಡುವುದಾದರೆ ಇದನ್ನು ನೋಡಿ ಎನ್ನುತ್ತೇನೆ: ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರಲ್ಲಿ ಆರಂಭವಾದ ಸಂಸ್ಥೆ. ಅಳತೆಗೆ ತಕ್ಕ ಖಾದಿ ರಾಷ್ಟ್ರಧ್ವಜ ಸಿದ್ಧವಾಗುವುದು ಇಲ್ಲಿ. ಮೊದಲೇ ಕಚೇರಿಯಲ್ಲಿ ಕೇಳಿ ಅನುಮತಿ ಪಡೆಯಬೇಕು. ಇದು ಕೆಲಸದ ಜಾಗ, ಪ್ರದರ್ಶನದ ಜಾಗವಲ್ಲ. ನೂತು ನೇಯ್ದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ. ಬಣ್ಣ, ಚಕ್ರದ ಮುದ್ರೆ, ಹೊಲಿಗೆ ಎಲ್ಲ ಬೆಂಗೇರಿಯಲ್ಲಿ. ಒಂಬತ್ತು ಅಳತೆಗಳಿವೆ. ಚಿಕ್ಕದು ಆರು ಇಂಚು ಉದ್ದ, ನಾಲ್ಕು ಇಂಚು ಅಗಲ, ಮೇಜಿನ ಮೇಲೆ ಇಡುವಂಥದ್ದು. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ನಮ್ಮ ಮನೆಯ ಪಡಸಾಲೆಯಲ್ಲಿ ಹಾಸಲು ಜಾಗ ಸಾಲದು.

ನಾನು ನೋಡಿದ್ದು ಚಕ್ರವನ್ನು. ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು, 24 ಗೆರೆಗಳೂ ಒಂದರ ಬೆನ್ನಿಗೆ ಒಂದು ಕೂರಬೇಕು, ಎಳೆಯಷ್ಟು ಸರಿಯಬಾರದು. ಬೀಗತಿ ನೋಡಿದ್ದು ಹೊಲಿಗೆಯನ್ನು. ಅಲ್ಲಿಯವರೆಗೆ ಮೃದುವಾಗಿ ನಗುತ್ತ ಹಿಂದೆ ನಡೆಯುತ್ತಿದ್ದವರು, ಹೊಲಿಗೆ ಯಂತ್ರದ ಮುಂದಿದ್ದ ಹೆಣ್ಣುಮಗಳ ಪಕ್ಕಕ್ಕೆ ಹೋಗಿ ನಿಂತವರು ಅರ್ಧ ಗಂಟೆ ಕದಲಲಿಲ್ಲ. ಮೈಸೂರಿನಲ್ಲಿ ಓಣಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟು ಗಂಡನ ಸಂಬಳಕ್ಕೆ ಕೈ ಜೋಡಿಸಿದವರಂತೆ ಅವರು. ನನ್ನಾಕೆಗೂ ಅದು ಅಂದೇ ಗೊತ್ತಾದದ್ದು. ದಾರದ ಬಗ್ಗೆ, ಸೂಜಿಯ ಬಗ್ಗೆ, ಅಂಚು ಮಡಿಸುವ ಬಗ್ಗೆ ಕೇಳಿದ್ದೇ ಕೇಳಿದ್ದು. 2021ರ ಕೊನೆಗೆ ನಿಯಮ ಬದಲಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ಬಟ್ಟೆಗೂ ಅವಕಾಶ ಸಿಕ್ಕಿದ ಮೇಲೆ ಇಲ್ಲಿಯವರು ಬೀದಿಗಿಳಿದು ಪ್ರತಿಭಟಿಸಿದ್ದನ್ನು ನಾನು ಹೇಳಿದೆ. ಬೀಗತಿ, "ಪಾಲಿಯೆಸ್ಟರ್ ಹೊಲಿಯುವುದು ಸುಲಭ, ಜಾರುತ್ತದೆ ಅಷ್ಟೆ" ಎಂದರು. ಹೊರಡುವಾಗ ಚಿಕ್ಕದೊಂದು ಧ್ವಜ ಕೊಂಡು ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡರು.

ಮಧ್ಯಾಹ್ನದಿಂದ ಆಡಳಿತ ನನ್ನಾಕೆಯ ಕೈಗೆ ಹೋಯಿತು. ಆಕೆ ಧಾರವಾಡದವಳು. 1962ರಲ್ಲೇ ಎರಡೂ ಊರಿಗೆ ಸೇರಿ ಒಂದೇ ಮಹಾನಗರಪಾಲಿಕೆ ಮಾಡಿದ್ದರೂ ನಮ್ಮ ಮನೆಯಲ್ಲಿ ಆ ಒಪ್ಪಂದ ಜಾರಿಗೆ ಬರಲೇ ಇಲ್ಲ. ಹುಬ್ಬಳ್ಳಿ ಅಂಗಡಿ, ಧಾರವಾಡ ಮನೆ ಎನ್ನುವುದು ಅವಳ ವಾದ. ಚಿಗರಿ ಬಸ್ಸಿನಲ್ಲಿ ಹೊರಟೆವು. ಚಿಗರಿ ಎಂದರೇನು ಎಂದು ಕನ್ನಡ ಮೇಷ್ಟ್ರೇ ಕೇಳಿದರು. ಜಿಂಕೆ ಎಂದೆ. ತಮ್ಮದೇ ರಸ್ತೆಯಲ್ಲಿ, ಅಡ್ಡಬರುವ ವಾಹನಗಳ ಕಾಟವಿಲ್ಲದೆ ಓಡುವ ಬಸ್ಸು, ಹೆಸರು ಕೆಟ್ಟದ್ದಲ್ಲ.

ಲೈನ್ ಬಜಾರಿನಲ್ಲಿ ಫೇಡೆಗೆ ಸಾಲು ನಿಂತೆವು. ಸಾಲಿನಲ್ಲಿ ನಿಂತವರ ಮಾತು ಕೇಳಿ ಮೇಷ್ಟ್ರು ಕುತೂಹಲದಿಂದ ಕಿವಿಗೊಟ್ಟರು: ಮುಂದೆ ಮರಾಠಿ, ಹಿಂದೆ ಉರ್ದು, ನಡುವೆ ನಾವು. ಈ ಫೇಡೆಯೇ ಹೊರಗಿನಿಂದ ಬಂದದ್ದು ಎಂದು ನನ್ನಾಕೆ ವಿವರಿಸಿದಳು. ಪ್ಲೇಗಿನ ಕಾಲಕ್ಕೆ ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ, ಇಲ್ಲಿನ ಗೌಳಿಗರ ಎಮ್ಮೆ ಹಾಲು. ಖೋವಾ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿಯುವ ತಾಳ್ಮೆ ಯಾರದೋ ಗೊತ್ತಿಲ್ಲ. ಈಗ ಭೌಗೋಳಿಕ ಗುರುತು ಸಿಕ್ಕಿರುವುದು ಮಾತ್ರ ಧಾರವಾಡದ ಹೆಸರಿಗೆ. "ಹಾಗಾದರೆ ಇಲ್ಲಿ ಇಲ್ಲಿಯವರೇ ಆದವರು ಯಾರು?" ಎಂದು ಮೇಷ್ಟ್ರು ಕೇಳಿದರು. ನನ್ನ ಕಾರ್ಯಾಗಾರದ ಸಾಲನ್ನು ನೆನಪಿಸಿಕೊಂಡೆ. ಬಲಗಡೆಯ ಲೇತಿನಲ್ಲಿ ತೆಲುಗಿನವರು, ಎಡಗಡೆ ತಮಿಳಿನವರು, ಎದುರಿಗೆ ಗದಗದ ಕಡೆಯವರು. ನನ್ನ ಅಜ್ಜನೂ ರೈಲ್ವೆ ಕೆಲಸಕ್ಕೆಂದೇ ರೋಣದಿಂದ ಬಂದವನು. ಉತ್ತರ ಹೇಳುವಷ್ಟರಲ್ಲಿ ಸಾಲು ಮುಂದೆ ಸರಿಯಿತು.

ಸಾಧನಕೇರಿಯಲ್ಲಿ ಮೇಷ್ಟ್ರು ಮಾತು ನಿಲ್ಲಿಸಿದರು. ಬೇಂದ್ರೆಯವರ ಮನೆ, ಎದುರಿಗೆ ಕೆರೆ. ಮನೆಮಾತು ಮರಾಠಿಯಾಗಿದ್ದ ಕವಿ ಈ ಓಣಿಗಳ ಕನ್ನಡವನ್ನು ಎತ್ತಿಕೊಂಡು ಹಾಡಿದರು ಎಂಬುದನ್ನು ನಾನು ಅವರಿಗೆ ಹೇಳಬೇಕಾಗಿರಲಿಲ್ಲ. ಸುಮಾರು ಹತ್ತು ನಿಮಿಷ ಗೇಟಿನ ಬಳಿ ನಿಂತಿದ್ದರು. ಅಷ್ಟರಲ್ಲಿ ತಪ್ಪಲು ಮಾರುವ ಹೆಂಗಸು (ಮೈಸೂರಿನವರಿಗೆ ಸೊಪ್ಪು) ಬುಟ್ಟಿ ಹೊತ್ತು ಬಂದು, ನನ್ನಾಕೆಯ ಜೊತೆ ಮೆಂತ್ಯದ ಬೆಲೆಗೆ ಜಗಳ ತೆಗೆದಳು. ಇಬ್ಬರದೂ ಅಪ್ಪಟ ಧಾರವಾಡದ ನಾಲಿಗೆ. ಮೇಷ್ಟ್ರು ಆ ಕಡೆಗೇ ಕಿವಿಯಿಟ್ಟು ಕೇಳಿದರು. ಬಸ್ಸಿನಲ್ಲಿ ಕೂತ ಮೇಲೆ, "ಮೂವತ್ತು ವರ್ಷ ಅವರ ಪದ್ಯ ಪಾಠ ಮಾಡಿದ್ದೇನೆ. ತಪ್ಪು ಜಾಗದಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ ಎಂದು ಇವತ್ತು ತಿಳಿಯಿತು" ಎಂದರು. ನನ್ನಾಕೆ ಗೆದ್ದ ಮುಖದಿಂದ ನನ್ನನ್ನು ನೋಡಿದಳು.

ಅದಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು: ಗಂಗೂಬಾಯಿ ಹಾನಗಲ್. ಹುಟ್ಟಿದ್ದು ಧಾರವಾಡದಲ್ಲೇ ಆದರೂ ಬಾಳಿದ್ದು ಹುಬ್ಬಳ್ಳಿಯಲ್ಲಿ. ದೇಶಪಾಂಡೆ ನಗರದಲ್ಲಿ ಅವರ ಮನೆ 'ಗಂಗಾಲಹರಿ' ಇದೆ. ಆದರೆ ನನಗೆ ಇಷ್ಟವಾದದ್ದು ಬೇರೆ ಸಂಗತಿ. ಸವಾಯಿ ಗಂಧರ್ವರ ಬಳಿ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆ ಬಂಡಿಯ ಗಾಲಿಗಳನ್ನೂ ನಮ್ಮ ಕಾರ್ಯಾಗಾರದಲ್ಲೇ ಯಾರೋ ಕಡೆದಿರಬೇಕು. ಇದು ನನ್ನ ಊಹೆ, ಆದರೂ ಬಿಟ್ಟುಕೊಡುವುದಿಲ್ಲ.

ಸಂಜೆ ದುರ್ಗದ ಬೈಲು. ಸಾವಜಿ ಊಟ ಮಾಡಿಸುವ ಆಸೆ ನನಗಿತ್ತು, ಬೀಗರು ಸಸ್ಯಾಹಾರಿಗಳು. ಆ ಮಾತು ಎತ್ತಬಾರದೆಂದು ಮನೆಯಲ್ಲೇ ಆಜ್ಞೆಯಾಗಿತ್ತು. ಹೀಗಾಗಿ ಗಿರ್ಮಿಟ್ ಮತ್ತು ಮಿರ್ಚಿ. ಮೇಷ್ಟ್ರು ತಟ್ಟೆ ನೋಡಿದ ಕೂಡಲೇ, "ಇದು ನಮ್ಮ ಚುರುಮುರಿ ಅಲ್ಲವೇ?" ಎಂದುಬಿಟ್ಟರು. ಅಂಗಡಿಯವನ ಕೈ ಅರೆಕ್ಷಣ ನಿಂತಿತು. ನಮ್ಮ ಕಡೆ ಚುರಮುರಿ ಎಂದರೆ ಬರಿಯ ಮಂಡಕ್ಕಿ. ಗಿರ್ಮಿಟ್ಟಿನ ಜೀವ ಅದರ ಗೊಜ್ಜಿನಲ್ಲಿದೆ: ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆ, ಬೆಲ್ಲ ಎಣ್ಣೆಯಲ್ಲಿ ಬೆಂದು ಕೂಡಿಕೊಂಡಿರಬೇಕು. ಅದರಲ್ಲಿ ಮಂಡಕ್ಕಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಹಸಿ ಈರುಳ್ಳಿ, ಕೊತ್ತಂಬರಿ, ಸೇವು ಹಾಕಿ ಕೂಡಲೇ ತಿನ್ನಬೇಕು. ಎರಡು ನಿಮಿಷ ತಡವಾದರೂ ಮೆತ್ತಗಾಗುತ್ತದೆ. ಇಷ್ಟನ್ನು ನಾನು ವಿವರಿಸುವಷ್ಟರಲ್ಲಿ ಮೇಷ್ಟ್ರದ್ದು ಮೆತ್ತಗಾಗಿತ್ತು. ಅಂಗಡಿಯವನು ಕೇಳದೆಯೇ ಇನ್ನೊಂದು ತಟ್ಟೆ ಕೊಟ್ಟ, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಕೊನೆಗೆ ಸಿದ್ಧಾರೂಢ ಮಠ. ಅವರೂ ಬೀದರ ಸೀಮೆಯಿಂದ ಬಂದವರೇ. ಈಗ ನಮ್ಮ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ಮಠದ ಬಗ್ಗೆ ನಾನೇನೂ ಹೇಳಲಿಲ್ಲ. ಪ್ರಸಾದ ಉಂಡು ಮೆಟ್ಟಿಲ ಮೇಲೆ ನಾಲ್ವರೂ ಸುಮ್ಮನೆ ಕೂತೆವು.

ಮರುದಿನ ಬೀಗರ ಬೋಗಿ ಸರಿಯಾಗಿ ದೂರದ ತುದಿಗೆ ಬಂದು ನಿಂತಿತು. ಮತ್ತೆ ನಡಿಗೆ. ಬೀಗತಿ ಅರ್ಧ ದಾರಿಯಲ್ಲಿ ನಿಂತು, "ಇಷ್ಟು ಉದ್ದ ಯಾಕೆ ಬೇಕಿತ್ತು ಬೀಗರೇ?" ಎಂದು ಕೇಳಿದರು. ಏಕಕಾಲಕ್ಕೆ ಎರಡು ದಿಕ್ಕಿಗೂ ರೈಲು ಬಿಡಬಹುದು ಎಂದು ವಿವರಿಸತೊಡಗಿದೆ, ಅವರು ಆಗಲೇ ಮುಂದೆ ಹೋಗಿದ್ದರು.

ಫೇಡೆಯ ಡಬ್ಬಿ ನಮ್ಮ ಮನೆಯ ಫ್ರಿಜ್ಜಿನಲ್ಲೇ ಉಳಿದಿದೆ ಎಂಬುದು ರೈಲು ಹೊರಟ ಮೇಲೆ ನೆನಪಾಯಿತು. ಅದನ್ನು ಕೊಡುವ ನೆಪದಲ್ಲಿ ಬರುವ ವಾರ ನಾವು ಮೈಸೂರಿಗೆ ಹೋಗುತ್ತಿದ್ದೇವೆ. ಏನೇನು ನೋಡುತ್ತೀರಿ ಎಂದು ಮೇಷ್ಟ್ರು ಫೋನಿನಲ್ಲಿ ಕೇಳಿದರು. ಅರಮನೆ ಆಮೇಲೆ, ಮೊದಲು ನಿಮ್ಮ ರೈಲು ವಸ್ತುಸಂಗ್ರಹಾಲಯ ಎಂದೆ. 1979ರಿಂದ ಅವರ ಊರಿನಲ್ಲೇ ಇದೆ. ಅವರು ಇನ್ನೂ ನೋಡಿಲ್ಲವಂತೆ.