ಹುಲ್ಲುಗೆಂಡೆ ಬಿಟ್ಟ ಹೊಂಡ: ಹತ್ತು ತಿಂಗಳ ದಾಖಲೆ

ಹೊಂಡದ ವಿಸ್ತೀರ್ಣ 4000 ಚದರ ಮೀಟರ್, ಆಳ ಸುಮಾರು 1.8 ಮೀಟರ್. ಅರ್ಧ ಭಾಗದಲ್ಲಿ ನೀರಿನಡಿ ಹೈಡ್ರಿಲ್ಲಾ ಎಂಬ ಕಳೆ ಹೆಣೆದುಕೊಂಡಿದೆ, ಒಂದು ಮೂಲೆಯಲ್ಲಿ ತೇಲುಕಳೆ ಅಂತರಗಂಗೆ. ಕಳೆ ಮೇಯಲೆಂದೇ ಇಲ್ಲಿ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನು ಬಿಟ್ಟದ್ದು.

ಮೀನು ಬಿಡುವ ಮುಂಚೆ. ಅಂತರಗಂಗೆಯನ್ನು ಕೈಯಿಂದಲೇ ಎಳೆದು ಏರಿಯಾಚೆ ಹಾಕಿದ್ದಾಯಿತು. ಅದನ್ನು ಹುಲ್ಲುಗೆಂಡೆ ತಿಂದು ಮುಗಿಸುತ್ತದೆಂದು ಕಾಯುವುದು ವ್ಯರ್ಥ. ಅದಕ್ಕೆ ಇಷ್ಟವಾಗುವುದು ಹೈಡ್ರಿಲ್ಲಾ, ನಾಜಾಸ್‌ನಂಥ ಮೆತ್ತನೆಯ ಮುಳುಗುಕಳೆ. ಜೊಂಡಿನ ಗಟ್ಟಿ ದಂಟಿಗೆ ಬಾಯಿ ಹಾಕುವುದು ಬೇರೇನೂ ಸಿಗದಾಗ ಮಾತ್ರ. ಮೀನು ಹೊರಹೋಗದಂತೆ ಕೋಡಿಗೆ 2.5 ಸೆಂ.ಮೀ. ಸಂದಿನ ಸರಳು ಜಾಲರಿ ಕೂರಿಸಿದೆ.

ಬಿತ್ತನೆ. ಕಳೆಯಿರುವ ಜಾಗಕ್ಕೆ ಹೆಕ್ಟೇರಿಗೆ 60ರ ಲೆಕ್ಕದಲ್ಲಿ 12 ಮೀನು. ಪ್ರತಿಯೊಂದೂ 25 ಸೆಂ.ಮೀ.ಗಿಂತ ಉದ್ದ, ಸಣ್ಣ ಮರಿ ಬಿಟ್ಟರೆ ನೀರುಕಾಗೆಗೂ ಕೊರವ ಮೀನಿಗೂ ಊಟವಾಗುತ್ತದೆ. ಚೀಲವನ್ನು 20 ನಿಮಿಷ ನೀರಲ್ಲಿ ತೇಲಿಸಿ, ಹೊಂಡದ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ಬಿಟ್ಟದ್ದು. ಸಂಜೆಯ ತಂಪು ಹೊತ್ತೇ ಸರಿ.

2ನೇ ತಿಂಗಳು. ಕಣ್ಣಿಗೆ ಏನೂ ಕಾಣದು. ಇಲ್ಲೇ ಬಹಳ ಜನ ತಾಳ್ಮೆಗೆಟ್ಟು ಇನ್ನಷ್ಟು ಮೀನು ತಂದು ಸುರಿಯುತ್ತಾರೆ. ದಯವಿಟ್ಟು ಬೇಡ. ಈ ಮೀನು ಬೆಳೆದಂತೆ ತಿನ್ನುವ ಪ್ರಮಾಣವೂ ಏರುತ್ತದೆ. ಹೆಚ್ಚಾದರೆ ಕಳೆ ಪೂರ್ತಿ ಬೋಳಾಗಿ, ನೀರಿನ ಹುಳು-ಮರಿಗಳಿಗೆ ಆಸರೆಯೇ ಉಳಿಯದು.

4ನೇ ತಿಂಗಳು. ಮಳೆಯಲ್ಲಿ ಹರಿದುಬಂದ ಕಳೆ ತುಂಡುಗಳು ಜಾಲರಿಗೆ ಕಟ್ಟಿಕೊಂಡು, ನೀರು ಅದರ ಮೇಲೆ ಹರಿಯಿತು. ಹರಿವು ಕಂಡರೆ ಹುಲ್ಲುಗೆಂಡೆ ಅತ್ತಲೇ ಹೋಗುತ್ತದೆ, ಜಿಗಿಯುವುದೂ ಉಂಟು. ಜಾಲರಿಯನ್ನು 30 ಸೆಂ.ಮೀ. ಎತ್ತರಿಸಿ, ಮಳೆದಿನಗಳಲ್ಲಿ ಎರಡು ಹೊತ್ತು ಕೆರೆಯುವ ಕ್ರಮ ಶುರು.

6ನೇ ತಿಂಗಳು. ಹೈಡ್ರಿಲ್ಲಾ ಮೇಲುಪದರ ಮೊಟಕಾಗಿದೆ. ಆದರೆ ನೀರು ಹಸಿರಾಗುತ್ತಿದೆ. ತಿಂದದ್ದರಲ್ಲಿ ದೊಡ್ಡ ಪಾಲು ಜೀರ್ಣವಾಗದೆ ಹಿಕ್ಕೆಯಾಗಿ ನೀರಿಗೇ ಬೀಳುತ್ತದೆ. ಅದರ ಸಾರವನ್ನು ಪಾಚಿ ಹೀರುತ್ತದೆ. ಮೀನು ಕಳೆಯನ್ನು ಹೊಂಡದಿಂದ ಹೊರಹಾಕುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ. ಹಾಗಾಗಿ ವಾರಕ್ಕೊಮ್ಮೆ ಕುಂಟೆಯಿಂದ ಒಂದಿಷ್ಟು ಕಳೆ ಎಳೆದು ಹೊರಗೆ ಹಾಕಲಾಗುತ್ತಿದೆ. ಬೇರೆ ಮೀನುಗಳಿಗೆ ಹಾಕುತ್ತಿದ್ದ ಹಿಂಡಿಯೂ ನಿಂತಿದೆ: ಹಿಂಡಿ ಸಿಕ್ಕರೆ ಹುಲ್ಲುಗೆಂಡೆ ಕಳೆ ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತದೆ. ಪಾಚಿ ಹೆಚ್ಚಿದ್ದರಿಂದ ನೀರಿನ ಆಮ್ಲಜನಕದ ಮೇಲೂ ಕಣ್ಣು: ಅಳೆಯುವುದು ಬೆಳಗಾಗುವ ಮುಂಚೆ, ಆಗಲೇ ಅದು ಅತಿ ಕಡಿಮೆ.

10ನೇ ತಿಂಗಳು. ಚಳಿಯಲ್ಲಿ ತಿನ್ನುವುದು ತಗ್ಗಿತ್ತು, ಈಗ ಮತ್ತೆ ಚುರುಕು. ಕಳೆ ಹೊಂಡದ ಐದನೇ ಒಂದು ಭಾಗಕ್ಕೆ ಇಳಿದಿದೆ. ಅಷ್ಟು ಇರಲಿ. ಮೀನನ್ನು ಹಿಡಿದು ತೆಗೆಯುವ ಯೋಚನೆಯಿಲ್ಲ: ಹೂಳಿನೊಳಗೆ ಹೈಡ್ರಿಲ್ಲಾ ಗೆಡ್ಡೆಗಳು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ, ಹೊಸ ಚಿಗುರು ಬಂದಾಗ ಮೇಯುವವರು ನೀರಲ್ಲಿರಬೇಕು.